ನೆಲಕ್ಕೆ ಅಟ್ಟೆ ಹಾಕುವ ಊರು

"ಓದ್ ತಿಂಗ್ಳೇ ಅಟ್ಟೆ ಆಕ್ಸಿವ್ನಿ ಕಣಮ್ಮ, ಏನೂ ಬಯ ಇಲ್ಲ" ಎನ್ನುತ್ತ ಮನೆ ಮಾಲೀಕರು ಬೀಗದ ಕೈ ಕೊಟ್ಟಾಗ ನಾನು ಅವರ ಕಾಲು ನೋಡಿದೆ. ಬರಿಗಾಲು. ನಮ್ಮ ಹಾವೇರಿಯಲ್ಲಿ ಅಟ್ಟೆ ಹಾಕಿಸುವುದೆಂದರೆ ಸವೆದ ಚಪ್ಪಲಿಗೆ ಹೊಸ ತಳ ಹೊಲಿಸುವುದು. ಅವರ ಬೆರಳು ಅಡುಗೆಮನೆಯ ಮೂಲೆಯ ಕಡೆಗಿತ್ತು. ಕೆಂಪು ನೆಲದಲ್ಲಿ ಅಲ್ಲೊಂದೇ ಕಡೆ ಸಿಮೆಂಟಿನ ಬೂದು ತೇಪೆ.

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಲ್ಲಿ ನಮ್ಮ ಯಜಮಾನರಿಗೆ ಕೆಲಸ. ಮನೆ ಸಿಕ್ಕಿದ್ದು ಊರಿಗಾಮಿನಲ್ಲಿ, ಚಿನ್ನದ ಗಣಿ ಕೆಲಸದವರಿಗೆ ಕಟ್ಟಿದ ಸಾಲುಮನೆಗಳ ಪಕ್ಕ. ಇಲ್ಲಿ ಅದಕ್ಕೆ 'ಲೈನು' ಎನ್ನುತ್ತಾರೆ. ತರಕಾರಿಯವನು ತೆಲುಗು, ಹಾಲಿನವಳು ಕನ್ನಡ, ಉಳಿದವರೆಲ್ಲ ತಮಿಳು. ಹಾವೇರಿಯಲ್ಲಿ ಬಾಗಿಲಿಗೆ ಬಂದವರನ್ನು ಮಾತಾಡಿಸಿಯೇ ಬೆಳೆದ ನಾನು ಇಲ್ಲಿ ನಕ್ಕು ಸುಮ್ಮನಾಗುತ್ತಿದ್ದೆ. ನನ್ನನ್ನು ಮಾತಿಗೆಳೆದವರು ಪಕ್ಕದ ಮನೆಯ ಸೆಲ್ವಿಯಕ್ಕ. ಅವರ ಗಂಡ ಗಣಿಗೆ ಇಳಿಯುತ್ತಿದ್ದವರು, ಈಗಿಲ್ಲ. ಅವರ ಕೈಯ ರಸಂ ಕುಡಿದ ಮೇಲೆಯೇ ನನ್ನ ಮಗಳಿಗೆ ಇಲ್ಲಿಯ ಅನ್ನ ರುಚಿಸಿದ್ದು.

ಮಳೆ ಹಿಡಿದ ಮೇಲೆ ಆ ಮೂಲೆ ಬೇರೆ ಸದ್ದು ಕೊಡತೊಡಗಿತು. ಪಾತ್ರೆ ಇಟ್ಟರೆ ಡಬ್ ಎನ್ನುತ್ತಿತ್ತು. ತೊಳೆದ ನೀರು ಬಚ್ಚಲಿಗೆ ಹರಿಯದೆ ಅಂಚಿನ ಬಿರುಕಿನಲ್ಲಿ ಇಂಗಿಹೋಗುತ್ತಿತ್ತು. ಸೆಲ್ವಿಯಕ್ಕನನ್ನು ಕರೆದು ತೋರಿಸಿದೆ.

"ಕೆಳಗೆ ಪೊಳ್ಳು ಕಣಮ್ಮ. ಕುಸಿದ್ರೆ ಕಲ್ಲು ತುಂಬಿ ಮೇಲೆ ಸಿಮೆಂಟು ಬಳೀತಾರೆ, ಅದೇ ಅಟ್ಟೆ. ನಮ್ ತಮಿಳಲ್ಲಿ ಅಟ್ಟೈ ಅಂದ್ರೆ ರಟ್ಟು" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ. "ಪಾಪೂನ ಇಲ್ಲಿ ಆಡಕ್ಕೆ ಬಿಡಬ್ಯಾಡ."

ಯಜಮಾನರು ಮಾಲೀಕರಿಗೆ ಫೋನು ಮಾಡಿದರು. ಇನ್ನೊಂದು ಅಟ್ಟೆ ಹಾಕಿಸಿದರಾಯಿತು ಎಂದರಂತೆ. ಆ ವಾರವೇ ಒಂದು ಮಧ್ಯಾಹ್ನ ಮಗಳಿಗೆ ಜಡೆ ಹಾಕುತ್ತ ಹೊಸ್ತಿಲಲ್ಲಿ ಕೂತಿದ್ದೆ. ಅಡುಗೆಮನೆಯಲ್ಲಿ ಮೂಟೆ ಇಳಿಸಿದಂಥ ಸದ್ದು. ತಿರುಗಿ ನೋಡಿದರೆ ಮೂಲೆ ಇರಲಿಲ್ಲ, ಅಲ್ಲಿಟ್ಟಿದ್ದ ನೀರಿನ ಹಂಡೆಯೂ ಇರಲಿಲ್ಲ. ಹಂಡೆ ತಳ ಮುಟ್ಟಿದ ಸದ್ದಿಗಾಗಿ ಕಾದೆ. ಕೇಳಿಸಲಿಲ್ಲ. ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದೆ.

ಈಗ ನಾವು ಬಂಗಾರಪೇಟೆಯಲ್ಲಿ ಮಹಡಿ ಮನೆಯಲ್ಲಿದ್ದೇವೆ. ನೆಲ ಗಟ್ಟಿ, ಆದರೆ ಅಕ್ಕಪಕ್ಕದವರ ಹೆಸರು ಗೊತ್ತಿಲ್ಲ. ಊರಿಗಾಮಿನ ಆ ಮನೆಗೆ ಮತ್ತೆ ಅಟ್ಟೆ ಬಿದ್ದು ಬೇರೆಯವರು ಬಂದಿದ್ದಾರೆ. ನೆಲ ಕುಸಿದದ್ದನ್ನು ನಾನು ಹೋಗಿ ಅವರಿಗೆ ಹೇಳಿದೆ. ಗೊತ್ತು, ಬೇರೆ ಎಲ್ಲೂ ಸಿಗಲಿಲ್ಲ ಎಂದರು.

ನಮ್ಮ ಜೊತೆ ಬಂದುಬಿಡಿ ಎಂದು ಸೆಲ್ವಿಯಕ್ಕನನ್ನೂ ಕರೆದೆ. "ಎಲ್ಲಿಗೋಗ್ಲಮ್ಮ? ನಮ್ಮೋರು ಕೆಳಗೆ ಅಗೆದ್ರು, ನಾವು ಮೇಲೆ ಬದುಕಿದ್ವಿ. ನಮ್ದು ಅಂತ ಇರೋದು ಇದೇ" ಎಂದರು.

ಹಾವೇರಿಯಿಂದ ಅವ್ವ ಫೋನು ಮಾಡಿದಾಗಲೆಲ್ಲ "ಅಲ್ಲೆ ಹೊಂದಿಕೊಂಡ್ಯಾ?" ಎಂದು ಕೇಳುತ್ತಾಳೆ. ಹೂಂ ಎನ್ನುತ್ತೇನೆ. ಭಾನುವಾರ ಬಂದರೆ ಮಗಳೊಂದಿಗೆ ಊರಿಗಾಮಿನ ಬಸ್ಸು ಹತ್ತುತ್ತೇನೆ. ಆದರೆ ಸೆಲ್ವಿಯಕ್ಕನ ಮನೆಯೊಳಗೆ ಅವಳನ್ನು ಬಿಡುವುದಿಲ್ಲ. ಏಕೆಂದು ಅವರು ಕೇಳಿಲ್ಲ. ನಮ್ಮನ್ನು ಕಂಡ ಕೂಡಲೇ ಜಗಲಿಗೆ ಚಾಪೆ ಹಾಸಿ, ಕಾಫಿಯನ್ನು ಹೊರಗೇ ತರುತ್ತಾರೆ.