ಬೂದಿ ಕಟ್ಟಿದ ಪೈಪು

ನಮ್ಮ ಮನೆಯಲ್ಲಿ ಡಿಗ್ರಿ ಆಗುವ ಮಾತಲ್ಲ ಎಂದವರು ಹರಿಹರದ ನಮ್ಮ ದೊಡ್ಡಪ್ಪ. ಅದನ್ನು ಹೇಳಿದ್ದು ದಾವಣಗೆರೆಯ ನಮ್ಮ ಮನೆಯ ಕಕ್ಕಸಿನ ಬಾಗಿಲಲ್ಲಿ, ಮೂಗಿಗೆ ಟವೆಲ್ ಹಿಡಿದು ನಿಂತುಕೊಂಡು.

“ನಿಮ್ಮನ್ಯಾಗೆ ನೀರೇ ಹೋಗವಲ್ದು, ಡಿಗ್ರಿ ಎಲ್ಲಿಂದ ಬರ್ತತೆ? ಜಾಗನೇ ತಗ್ಗೈತೆ. ನಿಮ್ಮವ್ವನ್ನ ನಮ್ಮನಿಗೆ ಕರ್ಕಂಡ್ ಬಾ, ನೀನೂ ಬಂದಿರು. ಪರೀಕ್ಷೆ ಎಲ್ಲಿಗೂ ಓಡಿ ಹೋಗಲ್ಲ. ಮುಂದಿನ ವರ್ಷ ಬರಿ.”

ದೊಡ್ಡಪ್ಪ ಕೆಟ್ಟವರಲ್ಲ. ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಹನ್ನೆರಡು ದಿನದಲ್ಲಿ ಮನೆಗೆ ಬರುವವಳು. ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕಬಹುದು, ಓಣಿಯ ತುದಿಯ ಸಾರ್ವಜನಿಕ ಶೌಚಾಲಯದವರೆಗೆ ಅಲ್ಲ ಎಂದಿದ್ದರು ಡಾಕ್ಟರು. ಮನೆಯ ಕಕ್ಕಸಿನ ನೀರು ಹರಿದರೆ ಅವ್ವ ಮನೆಯಲ್ಲಿ, ನಾನು ಪರೀಕ್ಷೆಯಲ್ಲಿ. ಹರಿಯದಿದ್ದರೆ ಇಬ್ಬರೂ ಹರಿಹರದಲ್ಲಿ. ದೊಡ್ಡಪ್ಪ ಒಂಟಿ ಮನುಷ್ಯ, ಅವ್ವನನ್ನು ಹಿಡಿದು ನಡೆಸಲು ನಾನೇ ಇರಬೇಕು. ನಮ್ಮ ಕಡೆ ಹೆಣ್ಣುಮಕ್ಕಳ ‘ಮುಂದಿನ ವರ್ಷ’ ಎಂದರೆ ಏನೆಂದು ನನಗೆ ಗೊತ್ತಿತ್ತು. ಬಿ.ಕಾಂ.ನ ಕೊನೆಯ ಸೆಮಿಸ್ಟರು ಅದು. ನಮ್ಮ ಮನೆತನದಲ್ಲಿ ಅಷ್ಟು ದೂರ ಬಂದವಳು ನಾನೊಬ್ಬಳೇ.

ರಭಸದ ನೀರು ಬಿಟ್ಟು ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿ ತರಿಸೋಣವೆಂದರೆ ನಮ್ಮ ಓಣಿಯಲ್ಲಿ ಅದು ನುಗ್ಗುವುದಿಲ್ಲ. ಪ್ಲಂಬರ್ ಬಂದು ತಂತಿ ಬಿಟ್ಟು ತಿರುವಿದ, ನೀರು ಹೋಯಿತು. ನಾಲ್ಕು ದಿನಕ್ಕೆ ಮತ್ತೆ ತುಂಬಿ ನಿಂತಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ತಂತಿಯ ತುದಿಯಲ್ಲಿ ಬೂದು ಬಣ್ಣದ ಒಂದು ಗಟ್ಟಿ ಬಂತು.

“ಸಿಮೆಂಟ್ ಕಣವ್ವಾ. ಗಾರೆ ಮೇಸ್ತ್ರಿ ಪೈಪಿನಾಗೆ ಬಿಟ್ಟಾನೆ,” ಅಂದ ಪ್ಲಂಬರ್.

ಪ್ಲಾಸ್ಟಿಕ್ ಚೀಲಕ್ಕೆ ಕೈ ತೂರಿಸಿ ಅದನ್ನು ಮುರಿದೆ. ಒಳಗೆ ಅರೆಸುಟ್ಟ ಭತ್ತದ ಹೊಟ್ಟಿನ ಕಪ್ಪು ಚೂರುಗಳು. ಸಿಮೆಂಟಿನಲ್ಲಿ ಹೊಟ್ಟು ಎಲ್ಲಿಂದ ಬರಬೇಕು?

ನಮ್ಮಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಭಟ್ಟಿಗೆ ಉರಿಸುವುದು ಭತ್ತದ ಹೊಟ್ಟು. ಅದರ ಬೂದಿಯನ್ನು ಓಣಿಯವರೆಲ್ಲ ಪುಟ್ಟಿಯಲ್ಲಿ ತುಂಬಿಕೊಂಡು ಬರುತ್ತೇವೆ, ಪಾತ್ರೆ ತಿಕ್ಕಲು. ಅದರಲ್ಲಿ ತಿಕ್ಕಿದ ಹಿತ್ತಾಳೆ ಕೊಡ ಅವ್ವನ ಹೆಮ್ಮೆ. ಕಕ್ಕಸು ಕಟ್ಟುವಾಗ ಪೈಪಿನ ಖರ್ಚು ಉಳಿಯಲಿ ಎಂದು ಮೇಸ್ತ್ರಿ ಪಾತ್ರೆ ತೊಳೆಯುವ ಬಚ್ಚಲಿನ ನೀರನ್ನೂ ಅದೇ ಪೈಪಿಗೆ ಸೇರಿಸಿದ್ದ. ಅವ್ವ ಆಸ್ಪತ್ರೆಗೆ ಸೇರಿದ ಮೇಲೆ ಪಾತ್ರೆ ತೊಳೆಯುತ್ತಿದ್ದವಳು ನಾನು. ಅಂದರೆ ಪ್ಲಂಬರ್ ಬಿಡಿಸಿ ಹೋಗುತ್ತಿದ್ದ, ನಾನು ದಿನಕ್ಕೆರಡು ಹೊತ್ತು ಕೂತು ಮತ್ತೆ ತುಂಬುತ್ತಿದ್ದೆ.

ಅಪ್ಪ ಒಪ್ಪಲಿಲ್ಲ. “ಹುಚ್ಚಿ, ಬೂದಿ ಅಂದ್ರೆ ಹಿಟ್ಟಿದ್ದಂಗೆ. ನೀರಾಗೆ ಕೊಚ್ಕಂಡ್ ಹೋಗ್ತತೆ. ನಮ್ಮಜ್ಜಿ ಕಾಲ್ದಿಂದ ತಿಕ್ಕೀವಿ, ಯಾವಾಗ ಕಟ್ಟೈತೆ?”

“ನಿಮ್ಮಜ್ಜಿ ಕಾಲ್ದಾಗೆ ಪೈಪ್ ಎಲ್ಲಿತ್ತಪ್ಪಾ? ಹಿತ್ಲಾಗೆ ಚೆಲ್ತಿದ್ರು.”

ಬೆಳಿಗ್ಗೆ ಒಂದು ಲೋಟಕ್ಕೆ ಎರಡು ಹಿಡಿ ಬೂದಿ, ಜಿಡ್ಡಿನ ಬಾಣಲೆ ತೊಳೆದ ನೀರು, ಒಂದಿಷ್ಟು ಸೋಪು ಹಾಕಿ ಕಿಟಕಿಯಲ್ಲಿಟ್ಟೆ. ಸಂಜೆ ಅಪ್ಪ ಬಂದಾಗ ಮೇಲೆ ತಿಳಿನೀರು ನಿಂತಿತ್ತು. ಅದನ್ನು ಬಗ್ಗಿಸಿ ಚೆಲ್ಲಿ ಲೋಟವನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಬೋರಲು ಹಾಕಿದರು. ಬೀಳಲಿಲ್ಲ. ತಳಕ್ಕೆ ಬಡಿದರು. ಆಗಲೂ ಬೀಳಲಿಲ್ಲ. ಅಪ್ಪ ಲೋಟ ಕೆಳಗಿಟ್ಟು, ಪಕ್ಕದ ಮನೆಯಿಂದ ಗುದ್ದಲಿ ಕೇಳಿ ತಂದರು.

ಎರಡು ದಿನ ಬಚ್ಚಲು ಅಗೆದೆವು. ನನ್ನ ಬಿ.ಕಾಂ. ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ, ಮಣ್ಣು ಹೊರುವ ಕೈ ಬಂತು. ಹಳೆಯ ಪೈಪು ಅರ್ಧಕ್ಕಿಂತ ಹೆಚ್ಚು ಕಟ್ಟಿ ಕಲ್ಲಾಗಿತ್ತು. ಪ್ಲಂಬರ್ ಹೊಸದು ಹಾಕಿ, ಪಾತ್ರೆಯ ನೀರಿಗೆ ಬೇರೆ ದಾರಿ ಮಾಡಿದ. ಬೂದಿಯ ಪುಟ್ಟಿಯನ್ನು ಅಪ್ಪನೇ ಭಟ್ಟಿಗೆ ವಾಪಸು ಒಯ್ದರು.

ಅವ್ವ ಬಂದ ದಿನ ದೊಡ್ಡಪ್ಪ ಹರಿಹರದಿಂದ ಆಟೋ ಮಾಡಿಕೊಂಡೇ ಬಂದಿದ್ದರು, ಕರೆದೊಯ್ಯಲು. “ಮೊದ್ಲು ನೋಡಾಣ ತಡಿ,” ಎಂದು ತಾವೇ ಎರಡು ಬಕೆಟ್ ನೀರು ಸುರಿದು ಬಗ್ಗಿ ನಿಂತರು. ನೀರು ಗುಳುಗುಳು ಎಂದು ಇಳಿಯಿತು.

“ಇವತ್ ಹೋಗ್ತತೆ. ನಾಕ್ ದಿನ ಕಳೀಲಿ,” ಎಂದು ಆಟೋದವನನ್ನು ಕಳಿಸಿ, ನಾಲ್ಕು ದಿನ ನಮ್ಮಲ್ಲೇ ಉಳಿದರು. ಹೊತ್ತು ಹೊತ್ತಿಗೆ ಬಕೆಟ್ ಸುರಿದು ನೋಡಿದರು. ಅಲ್ಲಿಯವರೆಗೆ ಅವ್ವನಿಗೆ ಹಾಸಿಗೆಯಲ್ಲೇ ಬೆಡ್‌ಪ್ಯಾನ್. ಐದನೆಯ ದಿನ ಬೆಳಿಗ್ಗೆ ಅವ್ವ ವಾಕರ್ ಹಿಡಿದು ಒಳಗೆ ಹೋದಳು. ಮೂವರೂ ಹೊರಗೆ ನಿಂತಿದ್ದೆವು.

“ಹೋತು ಕಣ್ರೀ!” ಎಂದು ಒಳಗಿಂದಲೇ ಕೂಗಿದಳು. ಹಿಂದೆಯೇ, “ಅಲ್ಲಿ ನಿಂತ್ಕಂಡು ಏನ್ ಕೇಳ್ತೀರಿ, ನಾಚ್ಕಿ ಇಲ್ದೋರು!”

ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತು ಗಂಟೆಯ ಬಸ್ಸಿಗೆ ಹೊರಟರು. ನಾನು ಅಂದೇ ಮಧ್ಯಾಹ್ನ ಮೊದಲ ಪೇಪರ್ ಬರೆದೆ. ಅಷ್ಟು ಹಗುರಾಗಿ ನಾನು ಯಾವ ಪರೀಕ್ಷೆಗೂ ಕೂತವಳಲ್ಲ.

ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ ಅವ್ವ ವಾಕರ್ ಬಿಟ್ಟಿದ್ದಳು. ಕಾಲೇಜಿನಿಂದ ಸೀದಾ ಮನೆಗೆ ಬಂದು ಅವಳ ಕೈಗೇ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಇಸಿದುಕೊಂಡಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಕಡೆ ಬೆರಳಿಟ್ಟು ಅಕ್ಷರಗಳನ್ನು ಒಂದೊಂದಾಗಿ ಸವರಿದಳು. ಅಷ್ಟು ದಿನ ಅವಳು ಒಳಗೆ ಏನು ಹೊತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

“ಸದ್ಯ,” ಅಂದಳು. “ಇದು ತಪ್ಪಿದ್ರೆ ನನ್ ಸೊಂಟದ ಮ್ಯಾಲೆ ಬರ್ತಿತ್ತಲ್ಲೇ ಅಪವಾದ.”