ಹೆದೆಗೆ ಕಟ್ಟಿದ ಕಂಕಣ

ಜೇನುಮೇಣದ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನಾನರಿಯೆ. ನನಗೆ ಮಾತ್ರ ಎಡಗೈ ಹೆಬ್ಬೆರಳಿನ ಬುಡ ಚುರುಗುಟ್ಟುತ್ತದೆ. ಇವತ್ತು ಖಂಡೆಪೂಜೆ, ಮಹಾನವಮಿಯ ಆಯುಧಪೂಜೆ. ಬೆಳಿಗ್ಗೆ ಗೋಡೆಯ ಮೇಲಿನ ಬಿಲ್ಲನ್ನು ಇಳಿಸಿ ಹೆದೆಗೆ ಮೇಣ ತಿಕ್ಕುತ್ತ ಕುಳಿತಾಗಲೂ ಹಾಗೇ ಆಯಿತು. ಗಾಯ ಮಾದು ಎಷ್ಟೋ ವರ್ಷಗಳಾದವು, ಚರ್ಮ ಮರೆತಿಲ್ಲ.

ಅದು ನಮ್ಮಜ್ಜನ ಬಿಲ್ಲು. ಮುರಗೋಡದ ಹತ್ತಿರ ನಮ್ಮ ಹೊಲದಲ್ಲಿ ಜೋಳ ಹಾಲುಗಾಳು ಕಟ್ಟಿದಾಗ ಹಂದಿ ಬೆದರಿಸಲು ಮಾಡಿಕೊಂಡದ್ದು. ಬಿದಿರಿನ ದಬ್ಬೆ, ಪುಂಡಿನಾರಿನ ಹೆದೆ. ಎಪ್ಪತ್ತರ ದಶಕದಲ್ಲಿ ನಾನು ಬಿ.ಎ. ಓದಲು ಬೈಲಹೊಂಗಲಕ್ಕೆ ಹೋದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿ ಹೇಳಿ ನನಗಿನ್ನೂ ಬೇಸರವಾಗಿಲ್ಲ, ಕೇಳುವವರಿಗೆ ಆಗಿರಬಹುದು. ಧಾರವಾಡದ ಬಿಲ್ಲುಪಂದ್ಯಕ್ಕೆ ಕಾಲೇಜಿನಿಂದ ಒಬ್ಬನನ್ನೇ ಕಳಿಸುತ್ತೇವೆ, ದಸರಾ ರಜೆ ಮುಗಿದ ದಿನ ಆಯ್ಕೆ ಎಂದರು. ಹೆಸರು ಕೊಟ್ಟೆ. ನನ್ನ ಕೋಣೆಯಲ್ಲಿದ್ದ ಈರಪ್ಪನೂ ಕೊಟ್ಟಿದ್ದ. ಅಜ್ಜನ ಬಿಲ್ಲಿನ ಸುದ್ದಿ ಕೇಳಿ ನಕ್ಕ.

"ಬಿ.ಎ. ಓದಾಕ ಬಂದೀಯೋ, ಹಂದಿ ಕಾಯಾಕ ಬಂದೀಯೋ?"

"ಎರಡೂ ಮಾಡ್ತೇನಿ, ನೋಡ್ಕೋಂತ ಇರು."

ಅಂದುಬಿಟ್ಟೆ. ಅಂದಮೇಲೆ ಮಾಡಿ ತೋರಿಸದೆ ವಿಧಿಯಿರಲಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ ಖಂಡೆಪೂಜೆ. ಅವ್ವ ರಂಟೆ, ಕುಡಗೋಲು, ತಕ್ಕಡಿಗಳಿಗೆಲ್ಲ ಅರಿಷಿಣದ ಕಂಕಣ ಕಟ್ಟಿದವಳು ಬಿಲ್ಲಿನ ಹೆದೆಗೂ ಒಂದು ಕಟ್ಟಿದಳು, ಸರಿಯಾಗಿ ನಟ್ಟನಡುವೆ. ಮರುದಿನ ದಶಮಿಗೆ ಬನ್ನಿ ಎಲೆ ಕೊಡುವವರೆಗೆ ಯಾವ ಹತಾರವನ್ನೂ ಮುಟ್ಟುವಂತಿಲ್ಲ. ಬನ್ನಿ ಕೊಟ್ಟ ಮರುದಿನ ಹೊಲಕ್ಕೆ ಓಡಿದೆ. ಅಲ್ಲಿಯವರೆಗೆ ನಾನು ಬಾಣವನ್ನು ಹೆದೆಯ ಮೇಲೆ ಕಣ್ಣಂದಾಜಿನಿಂದ ಇಡುತ್ತಿದ್ದವನು. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಈಗ ದೇವರೇ ಗುರುತು ಮಾಡಿಕೊಟ್ಟನೆಂದು ಹಿಗ್ಗಿ, ಬಾಣದ ಬಾಲದಲ್ಲಿ ಹೆದೆ ಕೂರುವ ಕಚ್ಚನ್ನು ಕಂಕಣದ ಗಂಟಿಗೆ ತಾಗಿಸಿ ಬಿಟ್ಟೆ. ಬಾಣ ತಲೆ ತೂಗುತ್ತ ಹೋಗಿ ಗುರಿಗೆಂದು ನಿಲ್ಲಿಸಿದ್ದ ಜೋಳದ ಕಣಿಕೆಯ ಪೆಂಡಿ ದಾಟಿ ಬಿತ್ತು. ಹೋಗುವಾಗ ಅದರ ಗರಿ ಬಿಲ್ಲು ಹಿಡಿದ ಎಡಗೈ ಸೀಳಿತು.

ಹೆದೆಗೆ ಹುರಿ ಏರಿಸಿದೆ, ಇಳಿಸಿದೆ, ಮೇಣ ತಿಕ್ಕಿದೆ. ಕೈಗೆ ಅರಿವೆ ಸುತ್ತಿಕೊಂಡು ದಿನವೂ ಬಾಣ ಬಿಟ್ಟೆ. ಬಿಲ್ಲಿನ ಮೇಲೆ ಸಂಶಯ ಬಂತು, ಬಾಣದ ಮೇಲೆ ಬಂತು, ನನ್ನ ಮೇಲಂತೂ ಬಂದೇ ಬಂತು. ಪೂಜೆಯ ಗಂಟಿನ ಮೇಲೆ ಸಂಶಯ ಯಾರಿಗೆ ಬಂದೀತು, ಹೇಳಿ? ಕೊನೆಗೆ ಸಿಟ್ಟಿನಿಂದ ಒಂದು ಬಾಣದ ಗರಿಗಳನ್ನೆಲ್ಲ ಕಿತ್ತು ಹತ್ತಿರದಿಂದ ಬಿಟ್ಟೆ. ಅದು ಬಾಲ ಕೆಳಗೆ ಮಾಡಿ ನಾಟಿತು. ಮತ್ತೆ ಬಿಟ್ಟೆ, ಮತ್ತೆ ಬಾಲ ಕೆಳಗೆ. ಗರಿ ಇದ್ದಾಗ ಮುಚ್ಚಿಹೋಗುತ್ತಿದ್ದ ತಪ್ಪು ಬೋಳು ಬಾಣದಲ್ಲಿ ಬಯಲಾಯಿತು. ಬಿಲ್ಲಿನ ನಡುವನ್ನು ಹಿಡಿದಿರುವುದು ಮುಷ್ಟಿ. ಬಾಣ ಕೂರುವುದು ಮುಷ್ಟಿಯ ಮೇಲೆ. ಹೆದೆಯ ನಡುವಿಗೇ ಕಚ್ಚನ್ನಿಟ್ಟರೆ ಬಾಲ ಕೆಳಗಾಯಿತಲ್ಲ.

ಗಂಟು ಬಿಚ್ಚಲು ಕೈ ಬರಲಿಲ್ಲ. ಅವ್ವನ ಮುಂದೆ ಬಿಲ್ಲು ಹಿಡಿದು ನಿಂತೆ.

"ಯವ್ವಾ, ಇದನ್ನ ನಡುವ ಯಾಕ ಕಟ್ಟೀದಿ?"

"ಮತ್ತೆಲ್ಲಿ ಕಟ್ಟಲಿ? ತಕ್ಕಡಿಗಿ ನಡುವ ಕಟ್ಟೇನಿ, ಇದಕ್ಕೂ ನಡುವ ಕಟ್ಟೇನಿ. ನಾನೇನ ಬಿಲ್ಲು ಬಿಟ್ಟಾಕಿನ?"

"ತುಸು ಮ್ಯಾಲ ಇರಬೇಕಿತ್ತು. ಬಿಚ್ಚಿದರ ದೇವ್ರಿಗಿ ಸಿಟ್ಟು ಬರತೈತೇನ?"

ಅವ್ವ ನನ್ನ ಕೈಯ ಅರಿವೆ ನೋಡಿದಳು. "ಬಿಚ್ಚೂದ್ಯಾಕ, ತುಸು ಮ್ಯಾಲಕ್ಕ ಸರಸು. ದೇವ್ರು ಇನ್ನೂ ಹೆದಿ ಮ್ಯಾಲ ಇರತಾನಲ್ಲ" ಎಂದು ತಾನೇ ಉಗುರಿನಿಂದ ಗಂಟನ್ನು ಮೇಲಕ್ಕೆ ನೂಕತೊಡಗಿದಳು. "ಸಾಕೇನ? ಇಲ್ಲಿ?" ನಾನು ಬೋಳು ಬಾಣ ಬಿಟ್ಟು ಬರುವುದು, ಅವಳು ಕೂದಲೆಳೆಯಷ್ಟು ಸರಿಸುವುದು. ಕೊನೆಗೊಮ್ಮೆ ಬಾಣ ಗೋಡೆಗೆ ಹೊಡೆದ ಗೂಟದಂತೆ ನೆಟ್ಟಗೆ ನಾಟಿತು. ಅವ್ವ ಆ ಜಾಗಕ್ಕೆ ಇನ್ನೊಂದು ಗಂಟು ಬಿಗಿದಳು.

ರಜೆ ಮುಗಿದು ಬಿಲ್ಲು ಹಿಡಿದು ಬಸ್ ಹತ್ತಿದಾಗ ಕಂಡಕ್ಟರು ನನ್ನನ್ನು ಬಯಲಾಟದ ಪಾತ್ರಧಾರಿ ಎಂದುಕೊಂಡು, "ಯಾವ ಊರಾಗ ದೊಡ್ಡಾಟ ಐತ್ರಿ?" ಎಂದು ಕೇಳಿದ. ಆಯ್ಕೆಯ ಮೈದಾನದಲ್ಲಿ ಈರಪ್ಪ ಕಂಕಣ ನೋಡಿದ.

"ಬಿಲ್ಲಿಗಿ ಲಗ್ನ ಮಾಡೀರೇನೋ?"

"ಹೂಂ. ಹೊತ್ತಿಗಿ ಸರಿಯಾಗಿ ಬಂದೀದಿ, ಅಕ್ಕಿಕಾಳು ಹಾಕು."

ಅವತ್ತು ನನ್ನ ಕೈಗೆ ಗರಿ ತಾಗಲಿಲ್ಲ. ಗುರಿಯಿಂದ ನನ್ನ ಬಾಣಗಳನ್ನು ಕಿತ್ತು ತಂದವನು ಈರಪ್ಪನೇ. "ಧಾರವಾಡದಿಂದ ಪೇಢೆ ತಾರಪಾ" ಎಂದು ಕೈಯಲ್ಲಿಟ್ಟ. ಪೇಢೆ ತಂದೆ. ಬಹುಮಾನ ತರಲಿಲ್ಲ, ಹಂದಿ ಕಾಯುವ ಬಿಲ್ಲು ಅಲ್ಲಿಯವರೆಗೆ ಹೋಗಿ ಬಂದಿತ್ತು, ನನಗೆ ಅಷ್ಟು ಸಾಕಾಗಿತ್ತು.

ಅವ್ವ ಹೋದಮೇಲೆ ಪ್ರತಿವರ್ಷ ಕಂಕಣ ನಾನೇ ಕಟ್ಟುತ್ತೇನೆ. ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ ಕಟ್ಟಿ, ಬಿಲ್ಲಿಗೂ ಕಟ್ಟಿ ಮತ್ತೆ ಗೋಡೆಗೆ ತೂಗುಹಾಕುವುದು ರೂಢಿ. ಇವತ್ತು ದಾರ ಸುತ್ತಿ ನೋಡಿದರೆ ನಟ್ಟನಡುವೆ ಕಟ್ಟಿದ್ದೆ. ಎಷ್ಟು ವರ್ಷದಿಂದ ಹೀಗೆ ಕಟ್ಟುತ್ತಿದ್ದೆನೋ; ಬಾಣ ಬಿಡದವನಿಗೆ ಎಲ್ಲಿ ಕಟ್ಟಿದರೇನು. ಉಗುರಿನಿಂದ ಮೇಲಕ್ಕೆ ಸರಿಸಿದೆ. ಸರಿಯಾಯಿತೋ ಇಲ್ಲವೋ ಕಣ್ಣಿಗೆ ತಿಳಿಯಲಿಲ್ಲ. ಬಿಲ್ಲನ್ನು ಗೋಡೆಗೆ ಹಾಕಲಿಲ್ಲ, ಜಗಲಿಯ ಮೇಲೇ ಬಿಟ್ಟಿದ್ದೇನೆ. ನಾಳೆ ಬನ್ನಿ ಕೊಟ್ಟು ಮುಗಿಯಲಿ. ಒಂದು ಬಾಣದ ಗರಿ ಕೀಳಬೇಕು.