ಹಾಸಿಗೆಯ ಮೂಲೆಯ ಹತ್ತಿ

ಬೆಳಿಗ್ಗೆ ನೀರು ತುಂಬಿಸಿದೆ, ಅಕ್ಕಿ ಆರಿಸಿದೆ, ಬಾಣಂತಿ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿದೆ, ಮೊಮ್ಮಗುವಿನ ಬಟ್ಟೆ ಒಗೆದು ಗ್ಯಾಲರಿಯ ಹಗ್ಗಕ್ಕೆ ಹಾಕಿದೆ. ಆಮೇಲೆ ಟ್ರಂಕಿನಿಂದ ಹತ್ತಿಯ ಪುಟ್ಟ ಹಾಸಿಗೆ ತೆಗೆದು ಬಿಸಿಲಿಗಿಟ್ಟೆ. ಈ ಮಗಳೇ ಕೂಸಾಗಿದ್ದಾಗ ಮಲಗಿದ್ದ ಹಾಸಿಗೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿ, ಬೆರಳು ಹೋಗುವಷ್ಟು ತೂತು... ಇಷ್ಟು ವರ್ಷ ಯಾಕೆ ಹೊಲಿಯಲಿಲ್ಲವೆಂದು ಮಗಳು ಕೇಳಿದಳು.

ಐವತ್ತರ ದಶಕದಲ್ಲಿ ನಾವು ಆಂಟಾಪ್ ಹಿಲ್ಲಿನ ಹತ್ತಿರ ಒಂದು ಚಾಳಿನಲ್ಲಿದ್ದೆವು. ನಮ್ಮವರು ನಸುಕಿಗೇ ಹೋಟೆಲಿಗೆ ಹೋಗುತ್ತಿದ್ದರು. ಎದುರು ಖೋಲಿಯಲ್ಲಿ ಧಾರವಾಡದ ಕಡೆಯ ಒಬ್ಬ ಅಕ್ಕ, ತಮ್ಮನ ಜೊತೆಗಿದ್ದರು. ಹಿಂದೆ ಮಿಲ್ಲಿನಲ್ಲಿ ದುಡಿದವರು. ಮಧ್ಯಾಹ್ನ ಕೆಳಗಿನ ನಳಕ್ಕೆ ನೀರು ಬರುವಾಗ ಮೂರು ತಿಂಗಳ ಮಗುವನ್ನು ಹಾಸಿಗೆ ಸಮೇತ ಅವರಲ್ಲಿ ಬಿಡುತ್ತಿದ್ದೆ. ನನ್ನ ಹತ್ತಿರ ಅರೆಗಳಿಗೆಯೂ ಮಲಗದ ಮಗು ಅಲ್ಲಿ ಸದ್ದಿಲ್ಲದೆ ಮಲಗಿರುತ್ತಿತ್ತು.

“ಮಿಲ್ಲಿನವಳ ಕೈಗೆ ಕೊಟ್ಟರೆ ಮಲಗದೆ ಏನು? ಒಂದು ಬಾಳಗೋಳಿ ಸಾಕಲ್ಲ,” ಎಂದು ನಳದ ಬಳಿ ಒಬ್ಬಾಕೆ ನಕ್ಕಳು. ಕೆಲಸಕ್ಕೆ ಹೋಗುವ ತಾಯಂದಿರು ಕೂಸು ಏಳದಿರಲೆಂದು ಕೊಡುವ ಅಫೀಮಿನ ಗುಳಿಗೆ ಅದು.

ಅಂದಿನಿಂದ ಮಗುವಿನ ಬಾಯಿ ಮೂಸಿದೆ, ರೆಪ್ಪೆ ಎತ್ತಿ ನೋಡಿದೆ. ಏನೂ ಸಿಗಲಿಲ್ಲ. ಸಿಕ್ಕಿದ್ದು ಹಾಸಿಗೆಯ ಈ ತೂತು, ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಗುಳಿಗೆ ಅಡಗಿಸುತ್ತಾರೋ, ಮಾಟ ಮಾಡಿಸುತ್ತಾರೋ... ನಮ್ಮವರು ಇಲಿಯಿರಬೇಕೆಂದರು.

ಒಂದು ದಿನ ಖಾಲಿ ಕೊಡಪಾನ ಕ್ಯೂನಲ್ಲೇ ಬಿಟ್ಟು ಮೇಲೆ ಬಂದೆ. ಅಕ್ಕ ಒಂದು ಕೈ ಮಗುವಿನ ಹೊಟ್ಟೆಯ ಮೇಲಿಟ್ಟು ಬಾಗಿದ್ದರು. ಇನ್ನೊಂದು ಕೈಯ ಬೆರಳ ತುದಿಯಲ್ಲಿ ಬಿಳಿಯದೇನೋ, ಮಗುವಿನ ಮೂಗಿನ ಹತ್ತಿರ.

“ಎಂತ ಕೊಡ್ತಿದ್ದೀರಿ ಮಗುವಿಗೆ?”

ಅವರು ತಿರುಗಲೂ ಇಲ್ಲ. “ಕಳ್ಳರಂಗ ಬಾಗಲದಾಗ ಯಾಕ ನಿಂತಿ? ಒಳಗ ಬಂದು ನೋಡು.”

ಹತ್ತಿಯ ಒಂದೆಳೆ. ಮಗುವಿನ ಉಸಿರಿಗೆ ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ನಾನು ಕಳಿಸಿದ್ದ ದಿಂಬು, ಹೊದಿಕೆ ಎರಡನ್ನೂ ದೂರ ಎತ್ತಿಟ್ಟು, ಮಗುವನ್ನು ಅಂಗಾತ ಮಲಗಿಸಿದ್ದರು.

“ಗೋಳಿ ನಾ ಕೊಟ್ಟದ್ದು ಒಂದ ಕೂಸಿಗೆ. ನನ್ನ ಕೂಸಿಗೆ,” ಎಂದರು. “ಪಾಳಿ ಮುಗಿಸಿ ಬಂದೆ. ಮಲಗೇ ಇತ್ತು.”

ನಾನು ಮಗುವನ್ನು ಎತ್ತಿಕೊಂಡು ಬಂದೆ. ಅವರ ಮಾತು ನಂಬಿದ್ದೆ, ಆದರೂ ಒಮ್ಮೆ ಗೋಳಿ ಕೊಟ್ಟ ಕೈಯಲ್ಲವೇ ಎಂದು ಮನಸ್ಸು ಹಿಂಜರಿಯಿತು. ಮರುದಿನದಿಂದ ಮಗುವನ್ನು ಸೊಂಟಕ್ಕೇರಿಸಿಕೊಂಡೇ ನೀರಿಗೆ ಹೋದೆ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ತಮ್ಮನ ಜೊತೆ ಮಲಾಡಿಗೆ ಹೋದರು. ಲೋಕಲ್ ರೈಲಿನಲ್ಲಿ ಹೋಗಿ ಬರಬಹುದಾದ ದೂರ... ಹೋಗಲಿಲ್ಲ. ಅವರು ತೀರಿಕೊಂಡು ವರ್ಷವಾಯಿತೆಂದು ಈಚೆಗೆ ತಿಳಿಯಿತು.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಮಗುವಿಗೆ ದಿಂಬು ಬೇಡ ಎಂದೆ, ಅಷ್ಟೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಬೆಳ್ಳುಳ್ಳಿ ಚಟ್ನಿ ಉಂಡೆವು. ಮೊದಲು ಮಗು ನಿದ್ದೆಹೋಯಿತು, ಆಮೇಲೆ ಮಗಳು. ನಾನು ಹಾಸಿಗೆಯ ಮೂಲೆಗೆ ಬೆರಳು ಹಾಕಿ, ಒಂದೆಳೆ ಹತ್ತಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.